ಒಂದೇ ಊರಿನ ಇಬ್ಬರು ಜಾನ್ ಟರ್ನರ್‌ಗಳು

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಹಳೆಯ ಚರ್ಚ್ ದಾಖಲೆಗಳಲ್ಲಿ ವಂಶ ಹುಡುಕುವಾಗ, ತೀರ ಸುಲಭವಾಗಿ ಸಿಕ್ಕ ಹೆಸರನ್ನೇ ಮೊದಲು ಅನುಮಾನಿಸಬೇಕು. ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಿಂದ ಪ್ಯಾರಿಷ್‌ಗಳಲ್ಲಿ, ಅಂದರೆ ಒಂದೊಂದು ಚರ್ಚಿಗೆ ಸೇರಿದ ಊರು-ಪ್ರದೇಶಗಳಲ್ಲಿ, ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ, ಶವಸಂಸ್ಕಾರಗಳನ್ನು ಬರೆದಿಡುವ ಪದ್ಧತಿ ಶುರುವಾಯಿತು. ಪುಟ ತಿರುವಿದರೆ ಎಲ್ಲೆಲ್ಲೂ ಜಾನ್, ವಿಲಿಯಂ, ಥಾಮಸ್. ಅಣ್ಣತಮ್ಮಂದಿರಿಬ್ಬರೂ ತಮ್ಮ ಮಗನಿಗೆ ಅಜ್ಜನ ಹೆಸರಿಟ್ಟರೆ ಸಾಕು, ಒಂದೇ ಊರಲ್ಲಿ ಓರಗೆಯ ಇಬ್ಬರು ಜಾನ್ ಟರ್ನರ್‌ಗಳು.

ನಿಮಗೆ ಬೇಕಾದ ಜಾನ್‌ನೊಬ್ಬನನ್ನೇ ಹಿಡಿದು ಹಿಂದೆ ಹಿಂದೆ ಹೋಗಬೇಡಿ. ಆ ಪ್ಯಾರಿಷ್‌ನ, ಸುತ್ತಲಿನ ಪ್ಯಾರಿಷ್‌ಗಳ ಎಲ್ಲ ಟರ್ನರ್‌ಗಳನ್ನೂ ಬರೆದುಕೊಳ್ಳಿ. ಒಂದು ದಂಪತಿಗೆ ಒಂದು ಹಾಳೆ. ಜಾನ್ ಮತ್ತು ಮೇರಿಯ ಒಂದು ಮಗುವಿಗೆ ಮೇ ತಿಂಗಳಲ್ಲಿ, ಇನ್ನೊಂದಕ್ಕೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೀಕ್ಷಾಸ್ನಾನ ಆಗಿದ್ದರೆ, ಎರಡು ದಂಪತಿಗಳಿರಬಹುದು. ಇರಬಹುದು ಅಷ್ಟೇ. ಅದು ಹುಟ್ಟಿದ ದಿನವಲ್ಲ; ದೊಡ್ಡ ಮಗುವಿಗೆ ತಡವಾಗಿ ದೀಕ್ಷೆ ಕೊಡಿಸಿರುವುದೂ ಉಂಟು.

ಹೆಚ್ಚಿನವರು ಶವಸಂಸ್ಕಾರದ ಪುಸ್ತಕ ತೆರೆಯುವುದೇ ಇಲ್ಲ. ಗಂಟು ಬಿಚ್ಚುವುದು ಬಹುಪಾಲು ಅಲ್ಲಿಯೇ. ನೀವು ಪೂರ್ವಜನೆಂದು ನಂಬಿದ ಜಾನ್ ಕೂಸಾಗಿದ್ದಾಗಲೇ ಮಣ್ಣಾಗಿರಬಹುದು. ಸತ್ತ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯವಾಗಿತ್ತು. ಇಲ್ಲಿ ತಾರೀಖಿನ ತೊಡಕೂ ಇದೆ. 1752ಕ್ಕೆ ಮುಂಚೆ ಅಲ್ಲಿ ಹೊಸ ವರ್ಷ ಮೊದಲಾಗುತ್ತಿದ್ದದ್ದು ಮಾರ್ಚ್ 25ಕ್ಕೆ. 1720ರ ಏಪ್ರಿಲ್‌ನಲ್ಲಿ ದೀಕ್ಷೆ ಪಡೆದ ಮಗುವನ್ನು 1720ರ ಫೆಬ್ರವರಿಯಲ್ಲಿ ಹೂಳಲಾಯಿತು ಎಂದಿದ್ದರೆ ಗುಮಾಸ್ತನ ತಪ್ಪಲ್ಲ; ನಮ್ಮ ಲೆಕ್ಕದಲ್ಲಿ ಅದು 1721ರ ಫೆಬ್ರವರಿ. 1720/21 ಎಂದು ಎರಡನ್ನೂ ಬರೆದುಕೊಳ್ಳಿ.

ಹೆಸರಿನ ಮುಂದೆ ‘ಸೀನಿಯರ್’, ‘ಜೂನಿಯರ್’ ಎಂದಿದ್ದರೆ ತಂದೆ-ಮಗ ಎಂದು ತೀರ್ಮಾನಿಸಬೇಡಿ. ಚಿಕ್ಕಪ್ಪ-ಅಣ್ಣನ ಮಗ ಆಗಿರಬಹುದು, ಸಂಬಂಧವೇ ಇಲ್ಲದವರೂ ಆಗಿರಬಹುದು. ಹಿರಿಯ ಸತ್ತ ಮೇಲೆ ಕಿರಿಯನೇ ಸೀನಿಯರ್ ಆಗುತ್ತಾನೆ.

1754ರ ಮಾರ್ಚ್ 25ರಿಂದ ಕೆಲಸ ಸ್ವಲ್ಪ ಹಗುರ. ಹಾರ್ಡ್‌ವಿಕ್ ಕಾಯಿದೆಯಂತೆ ಮದುವೆ ಪುಸ್ತಕದಲ್ಲಿ ವಧೂವರರ ಸಹಿ ಅಥವಾ ಗುರುತು, ಇಬ್ಬರು ಸಾಕ್ಷಿಗಳ ಸಹಿ ಇರಬೇಕಾಯಿತು. ಒಬ್ಬ ಜಾನ್ ದುಂಡಗೆ ಸಹಿ ಹಾಕುತ್ತಾನೆ, ಇನ್ನೊಬ್ಬ ಬರೀ ಅಡ್ಡಗೆರೆ ಎಳೆಯುತ್ತಾನೆ. ಸಾಕ್ಷಿಗಳಲ್ಲಿ ಅಣ್ಣನೋ ಭಾವನೋ ಸಿಗುವುದುಂಟು. ಅಚ್ಚಾದ ಸೂಚಿಯಲ್ಲಿ ಇದ್ಯಾವುದೂ ಇರುವುದಿಲ್ಲ, ಮೂಲಪುಟದ ಚಿತ್ರವನ್ನೇ ನೋಡಬೇಕು. 1813ರಿಂದ ದೀಕ್ಷಾಸ್ನಾನದ ಅಚ್ಚಿನ ನಮೂನೆಯಲ್ಲಿ ತಂದೆಯ ಕಸುಬು, ವಾಸಸ್ಥಳ. ಶವಸಂಸ್ಕಾರದ ನಮೂನೆಯಲ್ಲಿ ವಯಸ್ಸು. ಒಬ್ಬ ನೇಕಾರ, ಇನ್ನೊಬ್ಬ ಕಮ್ಮಾರ ಎಂದು ಗೊತ್ತಾದರೆ ಹಾಳೆಗಳು ತಾವಾಗಿಯೇ ಬೇರೆಯಾಗುತ್ತವೆ.

ಪುಟ ಹರಿದಿದ್ದರೆ, ಮಸಿ ಮಾಸಿದ್ದರೆ, ಪ್ರತಿವರ್ಷ ಬಿಷಪ್ಪರಿಗೆ ಕಳಿಸುತ್ತಿದ್ದ ನಕಲನ್ನು ಹುಡುಕಿ. ಕೆಲವೊಮ್ಮೆ ಮೂಲದಲ್ಲಿಲ್ಲದ ವಿವರ ಅದರಲ್ಲಿರುತ್ತದೆ. ಕೊನೆಗೆ ಉಯಿಲುಗಳು. ‘ನನ್ನ ತಮ್ಮ ಥಾಮಸನ ಮಗ ಜಾನ್’ ಎಂಬ ಒಂದೇ ಸಾಲು ಇಬ್ಬರನ್ನೂ ಬೇರ್ಪಡಿಸಬಲ್ಲದು. 1858ಕ್ಕಿಂತ ಹಿಂದಿನ ಉಯಿಲುಗಳು ಚರ್ಚ್ ನ್ಯಾಯಾಲಯಗಳ ಕಡತಗಳಲ್ಲಿರುತ್ತವೆ. ಅಷ್ಟಾದರೂ ಬಗೆಹರಿಯದಿದ್ದರೆ ಎರಡೂ ಹಾಳೆಗಳನ್ನು ಇಟ್ಟುಕೊಂಡು, ಯಾವ ಕಾರಣಕ್ಕೆ ತೀರ್ಮಾನವಾಗಿಲ್ಲ ಎಂಬುದನ್ನು ಅವುಗಳ ಮೇಲೆಯೇ ಬರೆದಿಡಿ.