ದೊಡ್ಡದಾಗಿ ಹಿಡಿಯಿರಿ, ಒಂದೇ ಸಲ ಇಳಿಸಿ

ಕೇಳುಗರಿಗೆಲ್ಲ ನಮಸ್ಕಾರ. ಅಚ್ಚಾದ ಕಾಗದವನ್ನು ಜಾಲತಾಣಕ್ಕೆ ಹಾಕುವಾಗ ಅಕ್ಷರ ಸ್ಪಷ್ಟವಾಗಿ ಕಾಣುವ ಹಾಗೆ ಮಾಡುವುದು ಹೇಗೆ, ಇದರ ಬಗ್ಗೆ ಮಾತಾಡಿ ಅಂತ ಕರೆದಾಗ ನನಗೆ ನಗು ಬಂತು. ಕಣ್ಣಿಗೆ ಸಂಬಂಧಪಟ್ಟ ವಿಷಯ, ಹೇಳಬೇಕಾದದ್ದು ಕಿವಿಗೆ. ಆದರೂ ಒಪ್ಪಿಕೊಂಡೆ. ಯಾಕೆಂದರೆ ಈ ವಿಷಯದಲ್ಲಿ ನಾನು ಹೇಳಬೇಕಾದದ್ದು ಒಂದೇ ಮಾತು, ಅದನ್ನು ಕಣ್ಣು ಮುಚ್ಚಿಕೊಂಡೇ ಕೇಳಬಹುದು. ದೊಡ್ಡದಾಗಿ ಹಿಡಿಯಿರಿ, ಒಂದೇ ಸಲ ಇಳಿಸಿ. ಅಷ್ಟೇ. ಅಂದರೆ ಚಿತ್ರವನ್ನು ದೊಡ್ಡ ಅಳತೆಯಲ್ಲಿ ತೆಗೆಯಿರಿ, ಚಿಕ್ಕದು ಮಾಡುವುದನ್ನು ಕೊನೆಗೆ ಒಂದೇ ಸಲ ಮಾಡಿ. ಇನ್ನು ನಾನು ಹೇಳುವುದೆಲ್ಲ ಅದರ ಬಾಲಂಗೋಚಿ.

ಈಗ ಯಾರು ಕೇಳುತ್ತಿದ್ದೀರಿ ಅಂತ ನನಗೊಂದು ಅಂದಾಜಿದೆ. ಸಹಕಾರ ಸಂಘದ ಕಾರ್ಯದರ್ಶಿ ಇದ್ದೀರಿ. ಶಾಲೆಯ ಹಳೆಯ ವಾರ್ಷಿಕ ಸಂಚಿಕೆಗಳನ್ನು ಜಾಲತಾಣಕ್ಕೆ ಏರಿಸಬೇಕು ಅಂತ ಹೊರಟ ಮೇಷ್ಟ್ರಿದ್ದೀರಿ. ಅಟ್ಟದ ಮೇಲೆ ತಾತನ ಯಕ್ಷಗಾನ ಪ್ರಸಂಗದ ಪುಸ್ತಕ ಸಿಕ್ಕಿ, ಅದನ್ನು ನಾಲ್ಕು ಜನಕ್ಕೆ ತೋರಿಸಬೇಕು ಅಂತ ಆಸೆಪಟ್ಟ ಮೊಮ್ಮಗಳಿದ್ದೀರಿ. ನಿಮಗೆಲ್ಲ ದುಬಾರಿ ಯಂತ್ರ ಬೇಕಿಲ್ಲ. ಮೊಬೈಲು ಸಾಕು, ಊರಿನ ಜೆರಾಕ್ಸ್ ಅಂಗಡಿಯ ಸ್ಕ್ಯಾನರ್ ಇದ್ದರಂತೂ ಹಬ್ಬ. ಕೊರತೆ ಇರುವುದು ತಾಳ್ಮೆಗೆ ಮಾತ್ರ.

ನಾನು ಅಚ್ಚಿನ ಕೆಲಸ ಕಲಿತದ್ದು ಸೀಸದ ಅಕ್ಷರದ ಮೊಳೆ ಜೋಡಿಸುವ ಕಾಲದಲ್ಲಿ. ಟ್ರೆಡಲ್ ಅಚ್ಚಿನ ಮಿಷನ್ನಿನ ಸದ್ದು ಇಂದಿಗೂ ಕಿವಿಯಲ್ಲಿದೆ. ಮೊಳೆ ಜೋಡಿಸುವವನಿಗೆ ಒಂದು ಭಯ ಸದಾ ಇರುತ್ತದೆ: ಒತ್ತಕ್ಷರ ಬಿದ್ದುಹೋದೀತು, ಮಹಾಪ್ರಾಣದ ಸೀಳು ಶಾಯಿ ತುಂಬಿ ಮುಚ್ಚಿಹೋದೀತು. ಯೋಚನೆ ಮಾಡಿ, ದಕಾರಕ್ಕೂ ಧಕಾರಕ್ಕೂ ಏನು ವ್ಯತ್ಯಾಸ? ಕೆಳಗಡೆ ಒಂದು ಸಣ್ಣ ಸೀಳು. ಪಕಾರಕ್ಕೂ ಫಕಾರಕ್ಕೂ ಅಷ್ಟೇ, ಡಕಾರಕ್ಕೂ ಢಕಾರಕ್ಕೂ ಅಷ್ಟೇ. ಇಂಗ್ಲಿಷಿನ ದೊಡ್ಡಕ್ಷರ ಸ್ವಲ್ಪ ಮಸುಕಾದರೂ ಓದಬಹುದು. ನಮ್ಮ ಲಿಪಿಯಲ್ಲಿ ಅರ್ಥ ಕೂತಿರುವುದೇ ಆ ಚಿಕ್ಕ ಚಿಕ್ಕ ಜಾಗಗಳಲ್ಲಿ. ಅಕ್ಷರದ ಕೆಳಗೆ ತೂಗುವ ಒತ್ತು, ಪಕ್ಕದಲ್ಲಿ ಕೂತ ಅರ್ಕಾವೊತ್ತು, ಒಳಗಿನ ಸೀಳು. ಚಿತ್ರ ಕೆಟ್ಟರೆ ಮೊದಲು ಸಾಯುವವು ಇವೇ.

ಇದಕ್ಕೆ ಒಂದು ಕಥೆ ಹೇಳಬೇಕು. ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ಕಡೆಯ ಒಂದು ಸಂಘ. ಹೆಸರು ಬೇಡ, ಒಳ್ಳೆಯ ಜನ. ಐವತ್ತು ವರ್ಷ ತುಂಬಿದ ಸಂಭ್ರಮ. ಆಹ್ವಾನಪತ್ರ ನಾನೇ ಸಿದ್ಧ ಮಾಡಿಕೊಟ್ಟೆ. ಎ4 ಹಾಳೆ, ಒಂದೇ ಮುಖ, ಕೆಂಪು ಮತ್ತು ಕಪ್ಪು. ಅಧ್ಯಕ್ಷರಿಗೆ ಕನ್ನಡದ ಅಂಕಿ ಅಂದರೆ ಅಭಿಮಾನ, ಹಾಗಾಗಿ ಸಮಯ ‘ಬೆಳಿಗ್ಗೆ ೯.೩೦’ ಎಂದು ಕನ್ನಡದ ಅಂಕಿಯಲ್ಲೇ ಹಾಕಿದೆ. ಅಚ್ಚು ಹಾಕಿ ಐನೂರು ಪ್ರತಿ ಕೊಟ್ಟೆ. ಜತೆಗೆ, ದಯವಿಟ್ಟು ಇದನ್ನು ಗಮನಿಸಿ, ಅದರ ಪಿಡಿಎಫ್ ಕಡತವನ್ನೂ ಕಾರ್ಯದರ್ಶಿಗೆ ಇಮೇಲ್ ಮಾಡಿದೆ.

ಕಾರ್ಯದರ್ಶಿ ಹುರುಪಿನ ಹುಡುಗ. ಸಂಘದ ಜಾಲತಾಣಕ್ಕೆ ಆಹ್ವಾನ ಹಾಕಬೇಕು. ಇಮೇಲ್ ತೆರೆಯಲಿಲ್ಲ. ಅಚ್ಚಾದ ಪ್ರತಿಯನ್ನು ಮೇಜಿನ ಮೇಲಿಟ್ಟು, ರಾತ್ರಿ ಟ್ಯೂಬ್‌ಲೈಟಿನ ಕೆಳಗೆ ಮೊಬೈಲಿನಲ್ಲಿ ಫೋಟೊ ತೆಗೆದ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ಖಜಾಂಚಿಗೆ ಕಳಿಸಿದ. ಅಲ್ಲಿ ಒಂದು ಸಲ ಚಿತ್ರ ಕುಗ್ಗಿತು. ಖಜಾಂಚಿ ಅದನ್ನು ಇಳಿಸಿಕೊಳ್ಳುವ ಬದಲು ಸ್ಕ್ರೀನ್‌ಶಾಟ್ ತೆಗೆದರು. ಇನ್ನೊಂದು ಸಲ ಕುಗ್ಗಿತು. ಸುತ್ತಲಿನ ಅಂಚು ಕತ್ತರಿಸಿ, ಜಾಲತಾಣ ನೋಡಿಕೊಳ್ಳುವ ಹುಡುಗನಿಗೆ ಮತ್ತೆ ವಾಟ್ಸ್ಆ್ಯಪ್ ಮಾಡಿದರು. ಮೂರನೇ ಸಲ. ಅವನ ಕೈಗೆ ಬಂದಾಗ ಚಿತ್ರದ ಅಗಲ 480 ಚುಕ್ಕಿ, ಅಂದರೆ ಪಿಕ್ಸೆಲ್. ಅವನಿಗೋ ಪುಟದ ತುಂಬ ಕಾಣಬೇಕು. ಎಳೆದ, ಎರಡೂವರೆ ಪಟ್ಟು.

ಈಗ ನಮ್ಮ ಮುಖ್ಯ ಅತಿಥಿಗಳ ವಿಷಯ. ಅವರು ನನಗೇ ಕನ್ನಡ ಕಲಿಸಿದ ಮೇಷ್ಟ್ರು, ಎಂಬತ್ತು ದಾಟಿದವರು. ಅಂಚೆಯಲ್ಲಿ ಹೋದ ಪತ್ರ ಅವರಿಗೆ ಮುಟ್ಟಲಿಲ್ಲ. ಮಗಳು ಜಾಲತಾಣದ ಚಿತ್ರವನ್ನು ಫೋನಿನಲ್ಲಿ ತೋರಿಸಿದಳು. ಕನ್ನಡದ ಆರಕ್ಕೂ ಒಂಬತ್ತಕ್ಕೂ ಬಾಲದ ತಿರುವಿನಲ್ಲಷ್ಟೇ ವ್ಯತ್ಯಾಸ. ಆ ಚಿತ್ರದಲ್ಲಿ ಬಾಲ ಎನ್ನುವುದೇ ಉಳಿದಿರಲಿಲ್ಲ, ಒಂದು ಬೂದು ಮಚ್ಚೆ ಇತ್ತು. ಅವರು ಆರೂವರೆ ಅಂತ ಓದಿದರು. ಮೊದಲು ಪೂಜೆಗೀಜೆ ಇರಬೇಕು, ಶುಭಕಾರ್ಯ ಅಲ್ಲವೇ ಎಂದುಕೊಂಡರಂತೆ. ಮೊದಲನೇ ಬಸ್ಸು ಹಿಡಿದು, ಜರಿ ಶಲ್ಯ ಹೊದ್ದು, ಆರೂಕಾಲಿಗೆ ಸಭಾಭವನದ ಬಾಗಿಲಲ್ಲಿ ನಿಂತಿದ್ದಾರೆ. ಬೀಗ. ಕಟ್ಟೆಯ ಮೇಲೆ ಒಂದು ನಾಯಿ, ಪಕ್ಕದಲ್ಲಿ ಮೇಷ್ಟ್ರು. ಕಸ ಗುಡಿಸುವ ಹೆಂಗಸು ಏಳು ಗಂಟೆಗೆ ಬಂದು, ಪಾಪ, ತನ್ನ ಫ್ಲಾಸ್ಕಿನಿಂದ ಚಹಾ ಕೊಟ್ಟಳಂತೆ. ಏಳೂವರೆಗೆ ನನ್ನ ಫೋನು ಹೊಡೆದುಕೊಂಡಿತು.

“ಏನಪ್ಪಾ, ಅಚ್ಚು ಹಾಕಿದವನು ನೀನೇ ಏನು?”

ನನ್ನ ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು. ಕರಡು ನೋಡಿದವನು ನಾನು. ಓಡಿಹೋಗಿ ಪ್ರತಿ ತೆಗೆದು ನೋಡಿದೆ. ಒಂಬತ್ತು ಒಂಬತ್ತಾಗಿಯೇ ಇದೆ, ಬಾಲ ಸಮೇತ. ಆಮೇಲೆ ಜಾಲತಾಣ ನೋಡಿದೆ. ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡೆ. ಮೇಷ್ಟ್ರು ಬೈಯಲಿಲ್ಲ. ಭಾಷಣದಲ್ಲಿ ಮಾತ್ರ, “ನಾನು ಈ ಸಂಘಕ್ಕೆ ಎಲ್ಲರಿಗಿಂತ ಮೊದಲು ಬಂದವನು” ಅಂತ ಶುರು ಮಾಡಿದರು. ಸಭೆ ಚಪ್ಪಾಳೆ ತಟ್ಟಿತು. ಅರ್ಥವಾದದ್ದು ನಾವು ಮೂರು ಜನಕ್ಕೆ.

ಅಂದು ರಾತ್ರಿ ನಾನು ಲೆಕ್ಕ ಹಾಕಿದೆ. ಎ4 ಹಾಳೆಯ ಅಗಲ 210 ಮಿಲಿಮೀಟರ್, ಅಂದರೆ ಎಂಟೂಕಾಲು ಇಂಚಿಗೆ ತುಸು ಹೆಚ್ಚು. ಅಷ್ಟು ಅಗಲಕ್ಕೆ 480 ಚುಕ್ಕಿ ಅಂದರೆ ಇಂಚಿಗೆ 58. ನಾನು ಹಾಕಿದ್ದು 12 ಪಾಯಿಂಟಿನ ಅಕ್ಷರ. ಮೊಳೆಯ ಲೆಕ್ಕದಲ್ಲಿ 12 ಪಾಯಿಂಟ್ ಎಂದರೆ ಇಂಚಿನಲ್ಲಿ ಆರನೇ ಒಂದು ಭಾಗ. ಹಾಗಾದರೆ ಇಡೀ ಸಾಲಿನ ಎತ್ತರಕ್ಕೆ ಸಿಕ್ಕಿದ್ದು ಹತ್ತೇ ಚುಕ್ಕಿ. ಅದರಲ್ಲಿ ಮೇಲಿನ ಗುಣಿಸು, ನಡುವಿನ ಅಕ್ಷರ, ಕೆಳಗಿನ ಒತ್ತು ಎಲ್ಲ ಹಿಡಿಸಬೇಕು. ಒಂಬತ್ತರ ಬಾಲಕ್ಕೆ ಒಂದು ಚುಕ್ಕಿ ಸಿಕ್ಕಿದ್ದರೂ ಪುಣ್ಯ. ಅದೇ ಹಾಳೆಯನ್ನು ಇಂಚಿಗೆ 300 ಚುಕ್ಕಿಯಲ್ಲಿ ಹಿಡಿದಿದ್ದರೆ ಅಗಲಕ್ಕೆ 2480, ಉದ್ದಕ್ಕೆ 3508. ಅದೇ ಸಾಲಿಗೆ ಆಗ 50 ಚುಕ್ಕಿ.

ಕಳೆದುಹೋದ ಚುಕ್ಕಿ ಮತ್ತೆ ಬರುವುದಿಲ್ಲ. ಕಬ್ಬಿನ ಹಾಲನ್ನು ಕಾಯಿಸಿದರೆ ಬೆಲ್ಲವಾಗುತ್ತದೆ. ಬೆಲ್ಲಕ್ಕೆ ನೀರು ಬೆರೆಸಿದರೆ ಪಾನಕವಾದೀತು, ಕಬ್ಬಿನ ಹಾಲಾಗದು. ಚಿಕ್ಕ ಚಿತ್ರವನ್ನು ಎಳೆದವನು ಕುಡಿಯುವುದು ಪಾನಕ. ಆದ್ದರಿಂದ ದೊಡ್ಡದಾಗಿ ಹಿಡಿಯಿರಿ, ಒಂದೇ ಸಲ ಇಳಿಸಿ.

ಎಷ್ಟು ದೊಡ್ಡದು? ಸಾಮಾನ್ಯ ಅಚ್ಚಿಗೆ ಸ್ಕ್ಯಾನರಿನಲ್ಲಿ 300. ಅಕ್ಷರ ಸಣ್ಣದಿದ್ದರೆ, ಹಳೆಯ ಪಂಚಾಂಗ, ನಿಘಂಟು, ಅಡಿಟಿಪ್ಪಣಿ ಇರುವಂಥವು, 600. ಬಣ್ಣ ಇಲ್ಲದ ಹಾಳೆಯಾದರೆ ‘ಗ್ರೇ’ ಅಂತ ಆರಿಸಿ. ‘ಬ್ಲ್ಯಾಕ್ ಅಂಡ್ ವೈಟ್’ ಬೇಡವೇ ಬೇಡ, ಅದು ಪ್ರತಿ ಚುಕ್ಕಿಯನ್ನೂ ಕಪ್ಪೋ ಬಿಳಿಯೋ ಅಂತ ಎರಡೇ ಪಾಲು ಮಾಡುತ್ತದೆ, ಒತ್ತಕ್ಷರಗಳು ಕಚ್ಚಿ ತಿಂದ ಹಾಗೆ ಕಾಣುತ್ತವೆ. ಹಾಳೆ ತೆಳ್ಳಗಿದ್ದು ಹಿಂದಿನ ಪುಟದ ಅಕ್ಷರ ಮುಂದಕ್ಕೆ ಮೂಡುತ್ತಿದ್ದರೆ, ಹಿಂದುಗಡೆ ಒಂದು ಕರೀ ಕಾಗದ ಇಡಿ. ಬಿಳಿಯದಲ್ಲ, ಕರಿಯದು. ಎಂಟಾಣೆಯ ಉಪಾಯ, ಆದರೆ ಯಾವ ಸಾಫ್ಟ್‌ವೇರೂ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ. ಮತ್ತೆ, ಗಾಜು ಒರೆಸಿ. ಹಾಳೆ ತಾನೇ ಸರಿಯುವ ಯಂತ್ರದಲ್ಲಿ ಒಂದು ಕಣ ಧೂಳಿದ್ದರೆ ಪುಟದುದ್ದಕ್ಕೂ ಗೆರೆ ಬೀಳುತ್ತದೆ.

ಮೊಬೈಲಿನಲ್ಲೇ ತೆಗೆಯುವವರು ಹಗಲಿನಲ್ಲಿ, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ, ಹಾಳೆಗೆ ನೇರ ಮೇಲಿನಿಂದ ತೆಗೆಯಿರಿ. ಕಳಿಸುವಾಗ ಫೋಟೊ ಅಂತ ಕಳಿಸಬೇಡಿ, ‘ಡಾಕ್ಯುಮೆಂಟ್’ ಅಂತ ಕಳಿಸಿ, ಆಗ ಕುಗ್ಗುವುದಿಲ್ಲ. ಇದೊಂದನ್ನು ಆ ಖಜಾಂಚಿ ಮಾಡಿದ್ದರೂ ಮೇಷ್ಟ್ರು ಇನ್ನೆರಡು ಗಂಟೆ ನಿದ್ದೆ ಮಾಡುತ್ತಿದ್ದರು.

ಎಲ್ಲಕ್ಕಿಂತ ಮುಖ್ಯವಾದದ್ದು, ಪಿಡಿಎಫ್ ಇದ್ದರೆ ಸ್ಕ್ಯಾನ್ ಯಾಕೆ ಮಾಡುತ್ತೀರಿ? ನುಡಿ, ಬರಹದಂಥ ಕನ್ನಡ ತಂತ್ರಾಂಶದಲ್ಲಿ ಟೈಪು ಮಾಡಿ ತಯಾರಿಸಿದ ಪಿಡಿಎಫ್‌ನಲ್ಲಿ ಅಕ್ಷರಗಳು ಚುಕ್ಕಿಯಾಗಿ ಇರುವುದಿಲ್ಲ, ಗೆರೆಯ ಲೆಕ್ಕವಾಗಿ ಇರುತ್ತವೆ. ಎಷ್ಟು ದೊಡ್ಡದು ಮಾಡಿದರೂ ಅಂಚು ಚಾಕುವಿನ ಹಾಗೆ ನಿಲ್ಲುತ್ತದೆ. ಅದನ್ನೇ 300ರಲ್ಲಿ ಚಿತ್ರವಾಗಿ ಉಳಿಸಿಕೊಳ್ಳಿ. ಪ್ರಿಂಟು ತೆಗೆದು, ಆ ಪ್ರಿಂಟನ್ನು ಸ್ಕ್ಯಾನ್ ಮಾಡುವವರನ್ನು ನಾನು ದಿನಾ ನೋಡುತ್ತೇನೆ. ಬಾವಿಯ ಪಕ್ಕದಲ್ಲಿ ನಿಂತು ಮಳೆಗೆ ಕಾಯುವುದು ಅಂದರೆ ಇದೇ.

ಇನ್ನೊಂದು ಮೂಢನಂಬಿಕೆ. ಜಾಲತಾಣಕ್ಕೆ 72 ಸಾಕು ಅಂತ ಯಾರೋ ಯಾವ ಕಾಲದಲ್ಲೋ ಹೇಳಿದ್ದಾರೆ. 1984ರಲ್ಲಿ ಬಂದ ಮೊದಲ ಮ್ಯಾಕಿಂಟಾಷ್ ಗಣಕದ ಪರದೆಯಲ್ಲಿ ಇಂಚಿಗೆ 72 ಚುಕ್ಕಿ ಇದ್ದವು. ಆ ಪರದೆ ಹೋಯಿತು, ಮಾತು ಉಳಿಯಿತು. ಕಡತದೊಳಗೆ 72 ಅಂತ ಬರೆದಿರಲಿ, 300 ಅಂತ ಬರೆದಿರಲಿ, ಜಾಲತಾಣ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅದು ಕೇಳುವುದು ಅಗಲ ಎಷ್ಟು ಚುಕ್ಕಿ, ಎತ್ತರ ಎಷ್ಟು ಚುಕ್ಕಿ ಅಂತ ಮಾತ್ರ. ಒಂದು ಪುಟ ಓದುವ ಹಾಗಿರಬೇಕಾದರೆ 1200ರಿಂದ 1600 ಚುಕ್ಕಿ ಅಗಲ ಇಡಿ. 2480 ಹಿಡಿದು, ಹಾಳೆ ನೇರ ಮಾಡಿ, ಅಂಚು ಕತ್ತರಿಸಿ, ಕಾಗದವನ್ನು ಸ್ವಲ್ಪ ಬೆಳ್ಳಗೆ ಮಾಡಿ, ಶಾಯಿಯನ್ನು ಸ್ವಲ್ಪ ಕಪ್ಪಗೆ ಮಾಡಿ, ಕೊನೆಗೆ 1600ಕ್ಕೆ ಇಳಿಸಿ. ಇಳಿಸಿದ ಮೇಲೆ ಅಂಚು ಚೂಪು ಮಾಡುವ ‘ಶಾರ್ಪನ್’ ಒಂದು ಚಿಟಿಕೆ. ಉಪ್ಪಿನ ಹಾಗೆ, ಹೆಚ್ಚಾದರೆ ಅಕ್ಷರದ ಸುತ್ತ ಬಿಳಿ ಪ್ರಭಾವಳಿ ಬರುತ್ತದೆ.

ನನಗೆ ಕೊಟ್ಟ ಸಮಯದಲ್ಲಿ ಅರ್ಧವನ್ನು ಆ ಬೀಗ ಹಾಕಿದ ಬಾಗಿಲಲ್ಲೇ ಕಳೆದೆ ಅಂತ ಗೊತ್ತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಕ್ಷರಕ್ಕೆ ಪಿಎನ್‌ಜಿ, ಫೋಟೊಗೆ ಜೆಪೆಗ್, ಕಡತ ಉಳಿಸುವಾಗ ಈ ಬಗೆ ಆರಿಸಿ. ಜೆಪೆಗ್ ಚಿತ್ರವನ್ನು ಅಡ್ಡ ಎಂಟು ಉದ್ದ ಎಂಟು ಚುಕ್ಕಿಯ ಚೌಕಗಳಾಗಿ ಕತ್ತರಿಸಿ, ಕಣ್ಣಿಗೆ ಅಷ್ಟಾಗಿ ಕಾಣದ್ದನ್ನು ಬಿಸಾಕುತ್ತದೆ. ಮುಖಕ್ಕೆ, ಮೋಡಕ್ಕೆ ಅದು ಸರಿ. ಕಪ್ಪು ಬಿಳುಪಿನ ಚೂಪು ಅಂಚಿಗೆ ಸರಿಹೋಗದು, ಅಕ್ಷರದ ಸುತ್ತ ಸೊಳ್ಳೆ ಮುತ್ತಿದ ಹಾಗೆ ಕೊಳೆ ಕಾಣುತ್ತದೆ. ಒಂದೊಂದು ಸಲ ತಿದ್ದಿ ಉಳಿಸಿದಾಗಲೂ ಇನ್ನಷ್ಟು ಕೊಳೆ. ಪಿಎನ್‌ಜಿ ಏನನ್ನೂ ಬಿಸಾಕುವುದಿಲ್ಲ. ಕಡತ ಭಾರವಾಯಿತು ಅನ್ನಿಸಿದರೆ ಬಣ್ಣ ತೆಗೆದು ಬೂದಿನ 16 ಛಾಯೆಗೆ ಇಳಿಸಿ. ಅಕ್ಷರಕ್ಕೆ ಅಷ್ಟು ಧಾರಾಳ.

ಹಳೆಯ ಪತ್ರಿಕೆಯ ಫೋಟೊ ಸ್ಕ್ಯಾನ್ ಮಾಡಿದರೆ ಸೀರೆಯ ಮಡಿಕೆಯ ಹಾಗೆ ಅಲೆಅಲೆ ಬರುತ್ತದಲ್ಲ, ಅದು ಯಂತ್ರದ ದೋಷವಲ್ಲ. ಅಚ್ಚಿನ ಫೋಟೊ ಮೊದಲೇ ಚುಕ್ಕಿಗಳ ಬಲೆ. ಸ್ಕ್ಯಾನರಿನದು ಇನ್ನೊಂದು ಬಲೆ. ಎರಡು ಸೊಳ್ಳೆಪರದೆ ಒಂದರ ಮೇಲೊಂದು ಹಾಕಿ ನೋಡಿ, ಅದೇ ಅಲೆ ಕಾಣುತ್ತದೆ. ಸ್ಕ್ಯಾನರಿನಲ್ಲಿ ಈ ಅಲೆ ತೆಗೆಯುವ ‘ಡಿಸ್ಕ್ರೀನ್’ ಇದ್ದರೆ ಒತ್ತಿ. ಇಲ್ಲವಾದರೆ 600ರಲ್ಲಿ ಹಿಡಿದು, ತುಸು ಮಸುಕು ಮಾಡಿ, ಇಳಿಸಿ. ನೋಡಿ, ಇಲ್ಲೂ ಅದೇ ಮಾತು ಬಂತು, ದೊಡ್ಡದಾಗಿ ಹಿಡಿಯಿರಿ, ಒಂದೇ ಸಲ ಇಳಿಸಿ. ಹಿಡಿದ ದೊಡ್ಡ ಕಡತವನ್ನು ಅಳಿಸಬೇಡಿ. ಬೇರೆ ಒಂದು ಕಡೆ ಎತ್ತಿಡಿ, ನಾಳೆ ಇನ್ನೂ ದೊಡ್ಡ ಪರದೆ ಬಂದಾಗ ಹಾಳೆಯೇ ಉಳಿದಿರುತ್ತದೋ ಇಲ್ಲವೋ.

ಒಂದು ವಿಷಯ ಉಳಿಯಿತು. ಚಿತ್ರ ಎಷ್ಟೇ ಚೆನ್ನಾಗಿದ್ದರೂ ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುತ್ತದೆ ಅಂತ ನಂಬುವ ಹಾಗಿಲ್ಲ, ಹುಡುಕುವವರಿಗೂ ಅದರೊಳಗಿನ ಹೆಸರು ಸುಲಭವಾಗಿ ಸಿಕ್ಕುವುದಿಲ್ಲ. ಆದ್ದರಿಂದ ಚಿತ್ರದ ಕೆಳಗೆ ಮುಖ್ಯ ವಿವರವನ್ನು ಯೂನಿಕೋಡಿನಲ್ಲಿ, ಅಂದರೆ ಫೋನು ಗಣಕಗಳೆಲ್ಲ ಗುರುತಿಸುವ ಅಕ್ಷರದಲ್ಲಿ, ಎರಡು ಸಾಲು ಟೈಪು ಮಾಡಿ. ದಿನ, ಜಾಗ, ಸಮಯ. ನಮ್ಮ ಸಂಘದವರು ಮರುವರ್ಷದಿಂದ ಹಾಗೇ ಮಾಡುತ್ತಿದ್ದಾರೆ. ಸಮಯವನ್ನು ಅಂಕಿಯಲ್ಲಿ ಹಾಕಿ, ಪಕ್ಕದಲ್ಲಿ ‘ಒಂಬತ್ತೂವರೆ’ ಅಂತ ಅಕ್ಷರದಲ್ಲೂ ಬರೆಯುತ್ತಾರೆ. ಮೇಷ್ಟ್ರು ಆದರೂ ಹಿಂದಿನ ದಿನ ನನಗೆ ಒಮ್ಮೆ ಫೋನು ಮಾಡಿಯೇ ಹೊರಡುತ್ತಾರೆ.

ನಮಸ್ಕಾರ.