ಮೆತ್ತನೆ ಸೀಟಿನ ಓಟಗಾರ

ಕೇಳುಗರೇ, ನಮಸ್ಕಾರ.

ಐಷಾರಾಮಿ ಕಾರು ಮೆತ್ತಗೆ ಸಾಗಬೇಕು, ಓಟದ ಕಾರು ಬಿರುಸಾಗಿ ನುಗ್ಗಬೇಕು. ಅಮೆರಿಕದಲ್ಲಿ ಈ ಎರಡೂ ಗುಣ ಒಂದೇ ಕಾರಿಗೆ ತಂದವರಲ್ಲಿ ಡ್ಯೂಸೆನ್‌ಬರ್ಗ್ ದೊಡ್ಡ ಹೆಸರು. 1928ರ ಅದರ ಜೆ ಮಾಡೆಲ್ಲಿಗೆ 265 ಹಾರ್ಸ್‌ಪವರ್ ಇದೆ ಅಂತ ಕಂಪನಿ ಹೇಳಿಕೊಂಡಿತ್ತು. ಬೆಲೆಯೋ, ಬರೀ ಚಾಸಿಗೇ, ಅಂದರೆ ಎಂಜಿನ್ ಕೂರಿಸಿದ, ಮೈಕಟ್ಟಿಲ್ಲದ ಕಾರಿನ ಅಡಿಗೇ, ಎಂಟೂವರೆ ಸಾವಿರ ಡಾಲರ್. ಬಾಡಿ ಕಟ್ಟಿಸುವ ಖರ್ಚು ಬೇರೆ. 1937ರಲ್ಲಿ ಕಂಪನಿ ಬಾಗಿಲು ಹಾಕಿತು.

ಆಮೇಲೆ ಈ ದಾರಿ ಹಿಡಿದು ಗಟ್ಟಿಯಾಗಿ ನಿಂತಿದ್ದು ಕ್ರೈಸ್ಲರ್, 1955ರಲ್ಲಿ. ಕಾರಿನ ಹೆಸರು ಸಿ-300. ಮುನ್ನೂರು ಹಾರ್ಸ್‌ಪವರ್ ಇತ್ತು, ಅದಕ್ಕೇ ಆ ಹೆಸರು. ಹೆಮಿ ವಿ-8 ಎಂಜಿನ್, ಅಂದರೆ ಪೆಟ್ರೋಲ್ ಉರಿಯುವ ಜಾಗ ಅರ್ಧಗೋಳದಂತಿರುವ ಎಂಟು ಸಿಲಿಂಡರಿನ ಎಂಜಿನ್. ಅದಕ್ಕೆ ಗಾಳಿಗೆ ಪೆಟ್ರೋಲ್ ಬೆರೆಸುವ ಎರಡು ಕಾರ್ಬ್ಯುರೇಟರ್. ಮುಂದುಗಡೆ ತಮ್ಮದೇ ಇಂಪೀರಿಯಲ್ ಕಾರಿನ ಗ್ರಿಲ್, ಒಳಗೆ ಚರ್ಮದ ಸೀಟು. ಅಮೆರಿಕದ ಕಾರು ರೇಸ್ ಸರಣಿ ನಾಸ್ಕಾರ್‌ನ ಆ ವರ್ಷದ ಚಾಂಪಿಯನ್ ಟಿಮ್ ಫ್ಲಾಕ್ ಗೆದ್ದಿದ್ದು ಇದೇ ಕಾರಿನಲ್ಲಿ. ಅಂಥದ್ದೇ ಕಾರನ್ನು ಶೋರೂಮಿಗೆ ಹೋಗಿ ಕೊಂಡು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗಬಹುದಿತ್ತು. ಎಂಥ ಧೈರ್ಯ ಅಲ್ವಾ!

ಮುಂದಿನ ವರ್ಷ 300ಬಿ, ಆಮೇಲೆ ಸಿ, ಡಿ, ಇ. ಹೀಗೆ ವರ್ಷಕ್ಕೊಂದು ಅಕ್ಷರ. ನನಗೆ ಇವೆಲ್ಲಕ್ಕಿಂತ ಜಾಸ್ತಿ ಇಷ್ಟ 1960ರ 300ಎಫ್. ಬಾನೆಟ್ ಎತ್ತಿದರೆ ಎಂಜಿನ್ ಮೇಲೆ ಎರಡೂವರೆ ಅಡಿ ಉದ್ದದ ಕೊಳವೆಗಳು ಆ ಕಡೆಯಿಂದ ಈ ಕಡೆಗೆ ಹಾದುಹೋಗಿರುತ್ತವೆ. ಎಡಗಡೆಯ ಕಾರ್ಬ್ಯುರೇಟರ್ ಬಲಗಡೆಯ ಸಿಲಿಂಡರುಗಳಿಗೆ, ಬಲಗಡೆಯದು ಎಡಕ್ಕೆ. ಇದು ಸುಮ್ನೆ ಶೋಕಿಗಲ್ಲ. ಸಿಲಿಂಡರಿಗೆ ಗಾಳಿ ಬಿಡುವ ವಾಲ್ವ್ ಮುಚ್ಚಿದಾಗ, ಒಳಕ್ಕೆ ನುಗ್ಗುತ್ತಿದ್ದ ಗಾಳಿ ಬಡಿದು ಒತ್ತಡದ ಅಲೆ ಏಳುತ್ತದೆ. ಅಲೆ ಕೊಳವೆಯಲ್ಲಿ ಹಿಂದಕ್ಕೆ ಹೋಗಿ ವಾಪಸ್ ಬರುತ್ತದೆ. ಅದು ಬರುವ ಹೊತ್ತಿಗೆ ಸರಿಯಾಗಿ ವಾಲ್ವ್ ಮತ್ತೆ ತೆರೆದರೆ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬುತ್ತದೆ. ಪಂಪೂ ಬೇಡ, ಬೆಲ್ಟೂ ಬೇಡ. ಕೊಳವೆ ಉದ್ದವಾದಷ್ಟೂ ಈ ಲಾಭ ಕಡಿಮೆ ವೇಗದಲ್ಲೇ ಸಿಗುತ್ತದೆ. ಎಂಜಿನ್ ನಿಮಿಷಕ್ಕೆ 2,800 ಸುತ್ತು ತಿರುಗುವಾಗಲೇ ಇದರ ಎಳೆತ ತುತ್ತತುದಿ ಮುಟ್ಟುತ್ತಿತ್ತು. ಅಂದರೆ ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಬೇಕಾದಾಗ ಎಂಜಿನ್ ಅರಚುವುದೇ ಇಲ್ಲ, ಕಾರು ಮುಂದೆ ಹೋಗಿರುತ್ತದೆ. ಐಷಾರಾಮಿ ಕಾರಿಗೆ ಬೇಕಾದ ಶಕ್ತಿ ಇದೇ ಅಂತ ನನ್ನ ನಂಬಿಕೆ.

1962ರಲ್ಲಿ ಕ್ರೈಸ್ಲರ್ ಅಕ್ಷರವಿಲ್ಲದ ಬರೀ 300 ತಂದಿತು. ನೋಟ ಹೆಚ್ಚುಕಡಿಮೆ ಅದೇ, ಬೆಲೆ ಕಡಿಮೆ. ಅಕ್ಷರವಿದ್ದ ದೊಡ್ಡಣ್ಣನ ಗತ್ತು ಅಲ್ಲೇ ಇಳಿಯಿತು. 1964ರ ಹೊತ್ತಿಗೆ ಪಾಂಟಿಯಾಕ್ ಜಿಟಿಒ, ಫೋರ್ಡ್ ಮಸ್ಟಾಂಗ್ ಬಂದವು. ವೇಗ ಬಯಸುವ ಹುಡುಗರು ಆ ಚಿಕ್ಕ, ಅಗ್ಗದ ಕಾರುಗಳತ್ತ ಹೊರಟರು. 1965ರ 300ಎಲ್ ಆ ಸಾಲಿನ ಕೊನೆಯ ಕಾರು.

ನಮಸ್ಕಾರ.