ಕವಿತೆಯ ಆಶಯ, ಕವಿತೆಯ ಅಲಂಕಾರ

ಶ್ರೋತೃಗಳಿಗೆ ನಮಸ್ಕಾರ.

ಕವಿತೆಯೊಂದನ್ನು ಓದಿದ ಮೇಲೆ ಎರಡು ಪ್ರಶ್ನೆಗಳನ್ನು ಕೇಳುವುದು ನಮಗೆ ಶಾಲೆಯ ದಿನಗಳಿಂದಲೇ ರೂಢಿಯಾಗಿದೆ. ಇದರ ಸಾರಾಂಶವೇನು ಎಂಬುದು ಮೊದಲನೆಯದು. ಇದರಲ್ಲಿರುವ ಅಲಂಕಾರವನ್ನು ಹೆಸರಿಸಿ, ಲಕ್ಷಣ ಬರೆದು, ಸಮನ್ವಯಗೊಳಿಸಿ ಎಂಬುದು ಎರಡನೆಯದು. ಎರಡಕ್ಕೂ ಬೇರೆ ಬೇರೆ ಉತ್ತರ, ಬೇರೆ ಬೇರೆ ಅಂಕ. ಹೀಗೆ ಓದುತ್ತಾ ಬಂದವರ ಮನಸ್ಸಿನಲ್ಲಿ, ಕವಿಯು ತಾನು ಹೇಳಬೇಕಾದುದನ್ನು ಮೊದಲು ಗದ್ಯದಲ್ಲಿ ಯೋಚಿಸಿಕೊಂಡು, ಅನಂತರ ಅದಕ್ಕೆ ಉಪಮೆ ರೂಪಕಗಳನ್ನು ತೊಡಿಸುತ್ತಾನೆ ಎಂಬ ಕಲ್ಪನೆ ಬೇರೂರಿಬಿಡುತ್ತದೆ. ಇಂದು ನಾನು ನಿಮ್ಮ ಮುಂದಿಡುವ ವಿಚಾರ ಇದಕ್ಕೆ ವಿರುದ್ಧವಾದುದು. ಒಳ್ಳೆಯ ಕವಿತೆಯಲ್ಲಿ ಆಶಯವು ಅಲಂಕಾರದ ಒಳಗಿನಿಂದಲೇ ಹುಟ್ಟುತ್ತದೆ. ಅಲಂಕಾರವನ್ನು ಬದಲಿಸಿದರೆ ಆಶಯವೂ ಬದಲಾಗುತ್ತದೆ. ಆದ್ದರಿಂದ ಆ ಎರಡು ಪ್ರಶ್ನೆಗಳನ್ನು ಒಟ್ಟಿಗೇ ಕೇಳಬೇಕೆಂದು ನಾನು ನಂಬಿದ್ದೇನೆ.

ವಸ್ತು ಬೇರೆ, ಆಶಯ ಬೇರೆ ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಕವಿತೆ ಯಾವುದನ್ನು ಕುರಿತದ್ದೋ ಅದು ವಸ್ತು. ಮಳೆ, ಸಾವು, ತಾಯಿ, ಅಗಲಿಕೆ, ಯಾವುದೂ ಆಗಬಹುದು. ಒಂದೇ ಪದದಲ್ಲಿ ಅದನ್ನು ಹೇಳಿ ಮುಗಿಸಬಹುದು. ಆ ವಸ್ತುವನ್ನು ಕವಿತೆ ಹೇಗೆ ಕಾಣುತ್ತದೆ ಎಂಬುದು ಆಶಯ. ಅದನ್ನು ಹೇಳಲು ಕನಿಷ್ಠ ಒಂದು ಪೂರ್ಣ ವಾಕ್ಯವಾದರೂ ಬೇಕು. ‘ಸಾವು’ ಎಂದರೆ ವಸ್ತುವನ್ನು ಹೇಳಿದಂತಾಯಿತು. ‘ಸಾವು ಎದುರಾದಾಗ ಬದುಕಿನ ಸಣ್ಣ ಸಂಗತಿಗಳಿಗೇ ಬೆಲೆ ಹೆಚ್ಚುತ್ತದೆ’ ಎಂದರೆ ಆಶಯದ ಕಡೆಗೆ ಒಂದು ಹೆಜ್ಜೆ ಇಟ್ಟಂತಾಯಿತು. ಆಶಯವನ್ನು ನೀತಿಯೊಂದಿಗೆ ಬೆರೆಸುವುದು ಸರಿಯಲ್ಲ. ನೀತಿ ಹೀಗೆ ಮಾಡು, ಹಾಗೆ ಮಾಡಬೇಡ ಎನ್ನುತ್ತದೆ. ಆಶಯಕ್ಕೆ ಅಂಥ ಹಂಗಿಲ್ಲ; ಅದು ಪರಸ್ಪರ ವಿರುದ್ಧವಾದ ಎರಡು ಭಾವಗಳನ್ನು ಒಂದೇ ಮಡಿಲಲ್ಲಿ ಇಟ್ಟುಕೊಳ್ಳಬಲ್ಲದು.

ಈಗ 12ನೆಯ ಶತಮಾನದ ಬಸವಣ್ಣನವರ ಒಂದು ವಚನವನ್ನು ಓದುತ್ತೇನೆ. ನಿಮಗೆಲ್ಲ ಬಾಯಿಪಾಠವಾಗಿರುವ ವಚನ. ಆ ಕಾರಣಕ್ಕಾಗಿಯೇ ಅದನ್ನು ತುಸು ನಿಧಾನವಾಗಿ ಕೇಳಬೇಕೆಂದು ವಿನಂತಿಸುತ್ತೇನೆ.

ಉಳ್ಳವರು ಶಿವಾಲಯ ಮಾಡುವರು,
ನಾನೇನ ಮಾಡುವೆ? ಬಡವನಯ್ಯಾ.
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಸವಯ್ಯಾ.
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

‘ಕಾಲೇ ಕಂಬ, ದೇಹವೇ ದೇಗುಲ’ ಎಂಬುದು ರೂಪಕ ಎಂದು ಯಾರೂ ಹೇಳಬಲ್ಲರು. ಉತ್ತರ ಪತ್ರಿಕೆಯಲ್ಲಿ ಮಾತು ಅಲ್ಲಿಗೆ ಮುಗಿಯುತ್ತದೆ. ನಿಜವಾದ ಓದು ಅಲ್ಲಿಂದಲೇ ಶುರುವಾಗಬೇಕು. ಬಸವಣ್ಣನವರು ‘ಎನ್ನ ಕಾಲು ಕಂಬದಂತೆ, ದೇಹವು ದೇಗುಲದಂತೆ’ ಎಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಂಡು ನೋಡಿ. ಉಪಮೆಯಲ್ಲಿ ಸಾಮಾನ್ಯವಾಗಿ ಉಪಮಾನವೇ, ಎಂದರೆ ಯಾವುದಕ್ಕೆ ಹೋಲಿಸುತ್ತೇವೋ ಅದೇ, ಗುಣದಲ್ಲಿ ಹೆಚ್ಚಿನದು. ಮುಖವನ್ನು ಚಂದ್ರನಿಗೆ ಹೋಲಿಸುವಾಗ ಚಂದ್ರನೇ ಅಳತೆಗೋಲು. ಮುಖವು ಅದನ್ನು ಮುಟ್ಟಲು ಯತ್ನಿಸುತ್ತದೆ. ಹಾಗೆಯೇ ‘ದೇಗುಲದಂತೆ’ ಎಂದ ಕೂಡಲೇ ಕಲ್ಲಿನ ದೇಗುಲವೇ ಅಳತೆಗೋಲಾಗಿ ಉಳಿಯುತ್ತಿತ್ತು, ಬಡವನ ದೇಹ ಅದರ ಅಗ್ಗದ ಬದಲಿಯಾಗುತ್ತಿತ್ತು. ಆಗ ವಚನದ ಆಶಯ ‘ಬಡವನಿಗೂ ತನಗೆ ಸಾಧ್ಯವಾದಷ್ಟು ಪೂಜಿಸಲು ಅವಕಾಶವುಂಟು’ ಎಂಬ ಸಮಾಧಾನದ ಮಾತಿಗೆ ಇಳಿದುಬಿಡುತ್ತಿತ್ತು. ರೂಪಕದಲ್ಲಿ ಭೇದವೇ ಇಲ್ಲ. ‘ಕಾಲೇ’, ‘ದೇಹವೇ’, ‘ಶಿರವೇ’ ಎಂಬ ಅವಧಾರಣೆಗಳು, ಎಂದರೆ ಒತ್ತಿ ಹೇಳುವ ರೂಪಗಳು, ಒಂದಾದ ಮೇಲೊಂದು ಬಂದು ಕಲ್ಲಿನ ದೇಗುಲವನ್ನು ಅದರ ಸ್ಥಾನದಿಂದ ಕೆಳಗಿಳಿಸುತ್ತವೆ. ಕೊನೆಯ ಸಾಲಿನ ಧೈರ್ಯಕ್ಕೆ ನೆಲೆ ಸಿಗುವುದು ಇಲ್ಲಿ.

ಈ ರೂಪಕದೊಳಗೆ ಒಂದು ಘರ್ಷಣೆಯೂ ಇದೆ. ಕಂಬದ ಧರ್ಮ ನಿಲ್ಲುವುದು, ಕಾಲಿನ ಧರ್ಮ ನಡೆಯುವುದು. ಕಾಲನ್ನು ಕಂಬವಾಗಿಸಿದಾಗ ಕಾಲು ನಿಂತುಬಿಟ್ಟಿತೇ, ಕಂಬ ನಡೆಯತೊಡಗಿತೇ? ಕೊನೆಯ ಸಾಲಿನಲ್ಲಿ ಸ್ಥಾವರ (ನಿಂತಲ್ಲೇ ಇರುವುದು) ಮತ್ತು ಜಂಗಮ (ಚಲಿಸುವುದು) ಎಂಬ ಎರಡು ಪದಗಳು ಎದುರುಬದುರಾಗಿ ನಿಂತಾಗ ಉತ್ತರ ಸಿಗುತ್ತದೆ: ನಡೆಯತೊಡಗಿರುವುದು ದೇಗುಲ. ಆದರೂ ತೊಡಕು ತೀರುವುದಿಲ್ಲ. ದೇಹಕ್ಕೆ ಅಳಿವಿದೆ ಎಂಬುದು ಯಾರಿಗೆ ಗೊತ್ತಿಲ್ಲ? ಕಲ್ಲಿನ ಗುಡಿ ಮನುಷ್ಯನ ಹತ್ತಾರು ತಲೆಮಾರುಗಳನ್ನು ಮೀರಿ ನಿಲ್ಲುತ್ತದೆ. ಹೀಗಿರುವಾಗ ಸ್ಥಾವರಕ್ಕೆ ಅಳಿವು, ಜಂಗಮಕ್ಕೆ ಅಳಿವಿಲ್ಲ ಎಂಬುದು ವಾಚ್ಯಾರ್ಥದಲ್ಲಿ ನಿಲ್ಲದ ಮಾತು. ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಬುದ್ಧಿಯು ಇನ್ನೊಂದು ಅರ್ಥವನ್ನು ಹುಡುಕುತ್ತದೆ ಎಂದು ನಮ್ಮ ಮೀಮಾಂಸಕರು ಹೇಳುತ್ತಾರೆ. ಕವಿತೆಯನ್ನು ಓದುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂಚನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನೇರ ಅರ್ಥ ಎಲ್ಲಿ ಮುಗ್ಗರಿಸುತ್ತದೆಯೋ ಅಲ್ಲಿ ನಿಲ್ಲಬೇಕು. ಆಶಯದ ಬಾಗಿಲು ಬಹುಮಟ್ಟಿಗೆ ಅಲ್ಲಿಯೇ ಇರುತ್ತದೆ. ಇಲ್ಲಿ ಜಂಗಮವೆಂದರೆ ಮೂಳೆ ಮಾಂಸದ ದೇಹವಷ್ಟೇ ಆಗಿರಲಾರದು. ಊರೂರು ಸಂಚರಿಸುವ ಶಿವಶರಣ ಎಂಬ ಸಾಂಪ್ರದಾಯಿಕ ಅರ್ಥವನ್ನು ಹಿಡಿದರೆ ಒಂದು ಓದು ದೊರೆಯುತ್ತದೆ. ಚಲನೆ, ಅರಿವು, ಜೀವಂತಿಕೆ ಎಂಬ ಅರ್ಥವನ್ನು ಹಿಡಿದರೆ ಇನ್ನೊಂದು ದೊರೆಯುತ್ತದೆ. ಎರಡನ್ನೂ ವಚನ ತಾಳಿಕೊಳ್ಳುತ್ತದೆ.

ಇನ್ನು, ಈ ವಚನದಲ್ಲಿ ‘ನಾನು’ ಎಂದು ಮಾತಾಡುತ್ತಿರುವವರು ಯಾರು? ಬಸವಣ್ಣನವರು ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು. ಶಿವಾಲಯ ಕಟ್ಟಿಸಲಾಗದ ಬಡತನ ಅವರದಾಗಿರಲಿಲ್ಲ. ಹಾಗೆಂದು ‘ಬಡವನಯ್ಯಾ’ ಎಂಬುದು ಸುಳ್ಳೂ ಅಲ್ಲ. ಕವಿತೆಯೊಳಗಿನ ‘ನಾನು’ ಕವಿತೆಗಾಗಿ ರೂಪುಗೊಂಡ ಒಂದು ದನಿ. ಅದು ಕವಿಯ ಜೀವನಚರಿತ್ರೆಯನ್ನು ಒಪ್ಪಿಸುತ್ತಿರುವುದಿಲ್ಲ. ಇಲ್ಲಿ ಆ ದನಿ ಉಳ್ಳವರ ಎದುರು ನಿಂತು, ಇಲ್ಲದವರ ಪಕ್ಷದಿಂದ ಮಾತಾಡುತ್ತದೆ. ‘ನಾನೇನ ಮಾಡುವೆ?’ ಎಂಬ ಪ್ರಶ್ನೆ ಮೊದಲ ಕೇಳುವಿಕೆಗೆ ಅಸಹಾಯಕತೆಯಂತೆ ತೋರುತ್ತದೆ. ಇಡೀ ವಚನವನ್ನು ಕೇಳಿ ಮುಗಿಸಿ ಹಿಂದಿರುಗಿದರೆ ಅದೇ ಪ್ರಶ್ನೆಯಲ್ಲಿ ದೃಢತೆ ಕೇಳಿಸುತ್ತದೆ. ಧಾಟಿಯನ್ನು ಗುರುತಿಸಲು ಗಟ್ಟಿಯಾಗಿ ಓದುವುದೇ ದಾರಿ. ಯಾರು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ತಿಳಿಯದೆ ಆಶಯಕ್ಕೆ ಕೈಹಾಕಿದರೆ, ಕವಿತೆಯ ಪಾತ್ರ ಆಡಿದ ಮಾತನ್ನೇ ಕವಿತೆಯ ನಿಲುವೆಂದು ಭ್ರಮಿಸುವ ಅಪಾಯವಿದೆ.

ಅಲಂಕಾರಗಳ ಪಟ್ಟಿಯನ್ನು ಹಿಡಿದು ಕವಿತೆಯನ್ನು ಹುಡುಕುವವರಿಗೆ ಬರಿಗೈಯಾಗುವ ಸಂದರ್ಭಗಳೂ ಇವೆ. ಭರತನ ನಾಟ್ಯಶಾಸ್ತ್ರದಲ್ಲಿ ಉಪಮೆ, ರೂಪಕ, ದೀಪಕ, ಯಮಕ ಎಂಬ ನಾಲ್ಕೇ ಅಲಂಕಾರಗಳಿದ್ದವು. ಮುಂದಿನ ಶಾಸ್ತ್ರಕಾರರ ಕೈಯಲ್ಲಿ ಆ ಸಂಖ್ಯೆ ನೂರನ್ನು ಮೀರಿತು. ಆದರೂ ಆ ಪಟ್ಟಿಯ ಹೊಳೆಯುವ ಅಲಂಕಾರ ಯಾವುದೂ ಕಾಣದ ಒಂದು ಶ್ಲೋಕವನ್ನು 9ನೆಯ ಶತಮಾನದ ಕಾಶ್ಮೀರದ ಆನಂದವರ್ಧನನು ತನ್ನ ಧ್ವನ್ಯಾಲೋಕದಲ್ಲಿ ಎತ್ತಿ ತೋರಿಸಿದನು. ಕಾಳಿದಾಸನ ಕುಮಾರಸಂಭವದ ಆರನೆಯ ಸರ್ಗದ ಸಂದರ್ಭ ಅದು. ಶಿವನಿಗಾಗಿ ಪಾರ್ವತಿಯನ್ನು ಕೇಳಲು ಬಂದ ಋಷಿ ಮಾತಾಡುತ್ತಿದ್ದಾನೆ. ತಂದೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಪಾರ್ವತಿ ಆಟದ ಕಮಲದ ಎಸಳುಗಳನ್ನು ಎಣಿಸಿದಳು. ಇಷ್ಟೇ. ಲಜ್ಜೆ ಎಂಬ ಪದವಿಲ್ಲ, ಪ್ರೇಮ ಎಂಬ ಪದವಿಲ್ಲ, ‘ಅಂತೆ’ ‘ಹಾಗೆ’ ಎಂಬ ವಾಚಕವಿಲ್ಲ. ಎಸಳೆಣಿಸುವ ಬೆರಳುಗಳ ಹಿಂದೆ, ಆಡುವ ಪ್ರತಿ ಮಾತಿಗೂ ಕಿವಿಗೊಟ್ಟು, ಕೇಳಿಸುತ್ತಿಲ್ಲವೆಂಬಂತೆ ನಿಂತ ಹುಡುಗಿಯ ಮನಸ್ಸು ಪೂರ್ತಿಯಾಗಿ ಕಾಣುತ್ತದೆ. ಘೋರ ತಪಸ್ಸು ಮಾಡಿ ಶಿವನನ್ನು ಒಲಿಸಿಕೊಂಡವಳು ಇವಳೇ ಎಂಬುದು ನೆನಪಾದರೆ ಆ ಚಿತ್ರ ಇನ್ನೂ ಆಳವಾಗುತ್ತದೆ. ಹೇಳದೆಯೇ ತಿಳಿಸುವ ಈ ಶಕ್ತಿಯನ್ನು ಆನಂದವರ್ಧನನು ಧ್ವನಿ ಎಂದು ಕರೆದು, ಅದೇ ಕಾವ್ಯದ ಆತ್ಮ ಎಂದನು. ಅದೇ ಶತಮಾನದಲ್ಲಿ ರಚಿತವಾದ ನಮ್ಮ ಕವಿರಾಜಮಾರ್ಗವು ಧ್ವನಿಯನ್ನು ಅಲಂಕಾರಗಳ ಸಾಲಿನಲ್ಲಿ ಹೆಸರಿಸುತ್ತದೆ. ಒಂದೇ ಸಂಗತಿಯನ್ನು ಒಬ್ಬರು ಆತ್ಮವೆಂದೂ ಇನ್ನೊಬ್ಬರು ಅಲಂಕಾರವೆಂದೂ ಕಂಡರು. ನನ್ನ ಒಲವು ಆನಂದವರ್ಧನನ ಕಡೆಗಿದೆ.

ಅರ್ಥಾಲಂಕಾರದಷ್ಟೇ ಗಮನವನ್ನು ನಾದಕ್ಕೂ ಕೊಡಬೇಕು. ಕುಮಾರವ್ಯಾಸನು ಬಳಸಿದ ಭಾಮಿನಿ ಷಟ್ಪದಿಯಲ್ಲಿ ಮೂರು ಮತ್ತು ನಾಲ್ಕು ಮಾತ್ರೆಗಳ ಗಣಗಳು ಒಂದನ್ನೊಂದು ಹಿಂಬಾಲಿಸುತ್ತವೆ. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ 14 ಮಾತ್ರೆಗಳು. ಮೂರು ಮತ್ತು ಆರನೆಯ ಸಾಲುಗಳಲ್ಲಿ 23. ಎರಡು ಚಿಕ್ಕ ಸಾಲುಗಳಲ್ಲಿ ಕಟ್ಟಿದ ನಿರೀಕ್ಷೆ ಮೂರನೆಯ ಸಾಲಿನಲ್ಲಿ ದೀರ್ಘವಾಗಿ ಹರಿದು, ಕೊನೆಯ ಗುರುವಿನ, ಎಂದರೆ ಎರಡು ಮಾತ್ರೆಯ ಅಕ್ಷರದ, ಮೇಲೆ ನಿಲ್ಲುತ್ತದೆ. ಆ ಉದ್ದದ ಸಾಲಿನಲ್ಲಿ ಕವಿ ಏನನ್ನು ಇರಿಸಿದ್ದಾನೆ ಎಂದು ಗಮನಿಸಿದರೆ, ಪದ್ಯದ ಒತ್ತು ಎಲ್ಲಿದೆ ಎಂಬುದು ಅನೇಕ ಸಲ ತಾನಾಗಿಯೇ ತಿಳಿಯುತ್ತದೆ. ಮೂರು ನಾಲ್ಕರ ಈ ಏರುಪೇರಿನ ನಡಿಗೆ ಮಾತಿನ ಓಘಕ್ಕೆ ಬಹಳ ಹತ್ತಿರವಾದುದು. ಸಂವಾದಗಳು ಅಲ್ಲಿ ಅಷ್ಟು ಜೀವಂತವಾಗಿರುವುದಕ್ಕೆ ಛಂದಸ್ಸೂ ಒಂದು ಕಾರಣ ಎಂದು ನನಗೆ ತೋರುತ್ತದೆ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಮರಳಿ ಬರುವ ಆದಿಪ್ರಾಸವೂ ಕಿವಿಯನ್ನು ಎಚ್ಚರವಾಗಿರಿಸುತ್ತದೆ.

ಪುನರಾವರ್ತನೆಯ ಬಗ್ಗೆ ಒಂದು ಮಾತು. ಬೇಂದ್ರೆಯವರ ‘ಹಕ್ಕಿ ಹಾರುತಿದೆ ನೋಡಿದಿರಾ’ ಎಂಬ ಕವಿತೆಯಲ್ಲಿ ಪ್ರತಿ ಚರಣವೂ ಆ ಪ್ರಶ್ನೆಯಿಂದಲೇ ಮುಗಿಯುತ್ತದೆ. ಮೊದಲ ಬಾರಿ ಕೇಳಿದಾಗ ಆಕಾಶದಲ್ಲಿ ಹಾರುವ ಒಂದು ಹಕ್ಕಿಯನ್ನು ತೋರಿಸಿದಂತೆ ಅನ್ನಿಸಬಹುದು. ಆ ಹಕ್ಕಿ ಸಾಮ್ರಾಜ್ಯಗಳನ್ನು ತೆನೆಯಂತೆ ಒಕ್ಕಿ, ಸಾರ್ವಭೌಮರ ನೆತ್ತಿಯನ್ನು ಕುಕ್ಕಿದ ಮೇಲೆ ಅದೇ ಪ್ರಶ್ನೆ ಬೇರೆಯೇ ಆಗುತ್ತದೆ. ಹಕ್ಕಿ ಕಾಲದ ಸಂಕೇತವೆಂದು ಓದುಗರು ಗುರುತಿಸಿದ್ದು ಹೀಗೆ, ಚರಣದಿಂದ ಚರಣಕ್ಕೆ ಭಾರ ಹೆಚ್ಚುತ್ತಾ ಹೋದುದರಿಂದ. ಪದಗಳು ಕದಲದೆ ಅರ್ಥ ಕದಲುವುದು ಪಲ್ಲವಿಯ ಗುಣ. ಕವಿತೆಯಲ್ಲಿ ಏನಾದರೂ ಮರಳಿ ಬಂದರೆ, ಮೊದಲ ಸಲಕ್ಕೂ ಈ ಸಲಕ್ಕೂ ನಡುವೆ ಏನು ನಡೆದಿದೆ ಎಂದು ಕೇಳಿಕೊಳ್ಳಬೇಕು.

ಶ್ಲೇಷೆ, ವ್ಯಾಜಸ್ತುತಿ ಮೊದಲಾದವುಗಳನ್ನು ವಿವರಿಸಲು ಇಲ್ಲಿ ಸಮಯವಿಲ್ಲ. ಆದರೆ ಯಾವ ಅಲಂಕಾರಕ್ಕೂ ಸಲ್ಲುವ ಒಂದು ಪರೀಕ್ಷೆಯನ್ನು 11ನೆಯ ಶತಮಾನದ ಕ್ಷೇಮೇಂದ್ರನು ಕೊಟ್ಟಿದ್ದಾನೆ, ಅವನೂ ಕಾಶ್ಮೀರದವನೇ. ಸೊಂಟದ ಪಟ್ಟಿಯನ್ನು ಕೊರಳಿಗೂ ಕೊರಳ ಹಾರವನ್ನು ಸೊಂಟಕ್ಕೂ ತೊಟ್ಟವರನ್ನು ಕಂಡರೆ ಯಾರು ತಾನೇ ನಗುವುದಿಲ್ಲ ಎಂದು ಅವನು ಕೇಳುತ್ತಾನೆ. ಸ್ಥಾನವರಿತು ಬಂದಾಗಲೇ ಅಲಂಕಾರವು ಅಲಂಕಾರ. ಅವನು ಅದನ್ನು ಔಚಿತ್ಯವೆಂದನು. ಈ ಮಾತು ಕವಿಗೆ ಮಾತ್ರ ಹೇಳಿದ್ದಲ್ಲ, ಓದುಗನಿಗೂ ಅನ್ವಯಿಸುತ್ತದೆ. ಕವಿತೆಯಲ್ಲಿ ಇಲ್ಲದ ಸಂಕೇತವನ್ನು ಅದರ ಮೇಲೆ ಹೇರುವ ಉತ್ಸಾಹ ಅಭ್ಯಾಸ ಹೆಚ್ಚಿದಂತೆ ನಮ್ಮಲ್ಲೂ ಹೆಚ್ಚುತ್ತದೆ. ನೀವು ಕಂಡುಕೊಂಡ ಆಶಯವನ್ನು ಒಂದು ವಾಕ್ಯದಲ್ಲಿ ಬರೆದುಕೊಂಡು ಕವಿತೆಯ ಪ್ರತಿ ಸಾಲಿನ ಪಕ್ಕದಲ್ಲಿಟ್ಟು ನೋಡಿ. ಒಂದೆರಡು ಸಾಲುಗಳು ಅದರೊಂದಿಗೆ ಹೊಂದದಿದ್ದರೆ ತಿದ್ದಬೇಕಾದುದು ನಿಮ್ಮ ವಾಕ್ಯವನ್ನು. ಒಂದು ಕವಿತೆಗೆ ಹಲವು ಅರ್ಥಗಳಿರಬಹುದು ಎಂಬುದು ನಿಜವಾದರೂ, ಯಾವ ಅರ್ಥವಾದರೂ ಆದೀತು ಎಂಬುದು ನಿಜವಲ್ಲ.

ಇಷ್ಟಾದರೂ ಸುಲಭವಾಗಿ ಒಲಿಯದ ರಚನೆಗಳಿವೆ. ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು, ಎಂದರೆ ಒಗಟಿನಂಥ ವಚನಗಳನ್ನು, ಓದುವಾಗ ಬಿಂಬಗಳು ಒಂದರ ಮೇಲೊಂದು ಬರುತ್ತವೆ, ಲೋಕದ ಕ್ರಮ ತಲೆಕೆಳಗಾಗುತ್ತದೆ, ಹೋಲಿಕೆಯ ಒಂದು ಬದಿಯಷ್ಟೇ ನಮ್ಮ ಕೈಗೆ ಸಿಗುತ್ತದೆ. ಇವುಗಳಿಗೆ ಮುಂದಿನ ಕಾಲದಲ್ಲಿ ಟೀಕೆಗಳು, ಎಂದರೆ ಅರ್ಥವಿವರಣೆಗಳು, ಹುಟ್ಟಿಕೊಂಡವು. ಯಾವ ಪದ ಯಾವ ತತ್ತ್ವವನ್ನು ಸೂಚಿಸುತ್ತದೆ ಎಂದು ಅವು ಬಿಡಿಸಿ ಹೇಳುತ್ತವೆ, ಆ ನೆರವು ಬೇಕೇ ಬೇಕು. ಆದರೆ ಟೀಕೆಯನ್ನು ತೆರೆಯುವ ಮೊದಲು ವಚನವನ್ನು ಎರಡು ಮೂರು ಸಲ ಗಟ್ಟಿಯಾಗಿ ಓದಿ, ಅಲ್ಲಿನ ಬಿಂಬಗಳನ್ನು ಬಿಂಬಗಳಾಗಿಯೇ ಕಣ್ಣಮುಂದೆ ನಿಲ್ಲಿಸಿಕೊಳ್ಳುವುದು ಒಳ್ಳೆಯದು. ಅರ್ಥದ ಪಟ್ಟಿ ಮೊದಲೇ ಕೈಗೆ ಬಂದರೆ ಆ ಬಿಂಬಗಳು ಹುಟ್ಟಿಸಬೇಕಾದ ಬೆರಗು ನಮಗೆ ದಕ್ಕುವುದಿಲ್ಲ, ಮತ್ತು ಅಲ್ಲಮನ ವಚನದಲ್ಲಿ ಆ ಬೆರಗು ಆಶಯದ ಒಂದು ಭಾಗವೇ ಆಗಿದೆ.

ನಮಸ್ಕಾರ.